ಹತ್ತಿಯ ಕೈಲಾಸ

ಕೇದಾರಿಯ ಮಾನ ಹೋದದ್ದು ಹತ್ತಿಯ ಕಸದಿಂದ.

ಇಚಲಕರಂಜಿಯ ಪಕ್ಕದ ಕೊರೋಚಿಯಲ್ಲಿ ಪವರ್‌ಲೂಮುಗಳು ಹಗಲಿರುಳು ಖಟಖಟ ಎನ್ನುತ್ತಿರುವಾಗ ಅವುಗಳ ಅಡಿಯಲ್ಲಿ ಬೆಳ್ಳನೆಯ ನಾರು ಉದುರಿ ಗುಡ್ಡೆ ಬೀಳುತ್ತದೆ. ಅದು ಜನರ ಹುಬ್ಬಿನ ಮೇಲೆ ಕೂರುತ್ತದೆ, ಚಹಾದ ಕಪ್ಪಿನಲ್ಲಿ ತೇಲುತ್ತದೆ, ರೊಟ್ಟಿಯ ಜೊತೆ ಹೊಟ್ಟೆಗೂ ಹೋಗುತ್ತದೆ. ಪುಕ್ಕಟೆ ಸಿಗುವ ಈ ವಸ್ತುವನ್ನು ಯಾರೂ ಕಣ್ಣೆತ್ತಿ ನೋಡಿದವರಲ್ಲ. ಈ ಸಲ ನೇಕಾರರ ಸೊಸಾಯಟಿಯ ಗಣಪತಿಗೆ ಅಲಂಕಾರದ ಸಜಾವಟ ಮಾಡುವ ಜವಾಬ್ದಾರಿಯನ್ನು ತಾನಾಗಿ ಮೈಮೇಲೆ ಎಳೆದುಕೊಂಡ ಅಮೋಲನಿಗೆ ಮಾತ್ರ ಅದರಲ್ಲಿ ಹಿಮಾಲಯ ಕಂಡಿತು. ಮಗ್ಗದ ಕೆಲಸ ಬಿಟ್ಟು ಚೀಲಗಟ್ಟಲೆ ನಾರು ಹೊತ್ತು ತಂದು, ಬಿದಿರಿನ ತಟ್ಟಿಗೆ ಅಂಟಿಸಿ, ಸೊಸಾಯಟಿಯ ಹಾಲಿನಲ್ಲಿ ಗಣಪತಿಯ ಹಿಂದೆ ಛಾವಣಿ ಮುಟ್ಟುವ ಕೈಲಾಸ ಪರ್ವತವನ್ನೇ ಎಬ್ಬಿಸಿದ. ಪರ್ವತ ಮಿನುಗಬೇಕೆಂದು ಅದರೊಳಗೆಲ್ಲ ಲೈಟಿನ ಸರ ಬಿಟ್ಟ. ಹೊಸ ಸರ ಸಾಲದೆ ಬಂದಾಗ ಅಟ್ಟದ ಮೇಲಿನ ಹಳೆಯ ಸರವೊಂದನ್ನು ಇಳಿಸಿ, ವೈರು ಹರಿದ ಕಡೆಯಲ್ಲೆಲ್ಲ ರಟ್ಟಿನ ಖೋಕಾ ಅಂಟಿಸುವ ಟೇಪು ಸುತ್ತಿ, ಕೈಲಾಸದ ಹೊಟ್ಟೆಯೊಳಗೆ ತುರುಕಿದ.

ಇದನ್ನು ನೋಡಿದವನು ಕೇದಾರಿ ಒಬ್ಬನೇ. ನೋಡಿ ಸುಮ್ಮನಿದ್ದವನೂ ಅವನೇ.

ಸುಮ್ಮನಿರುವ ಹಕ್ಕು ನಿಜವಾಗಿ ಅವನಿಗಿರಲಿಲ್ಲ. ಸೊಸಾಯಟಿಯಲ್ಲಿ ಅವನು ಗುಮಾಸ್ತನಾಗಿದ್ದನಲ್ಲದೆ ಸುರಕ್ಷಾ ಪ್ರಮುಖನೂ ಆಗಿದ್ದ. ಬೆಂಕಿಯಿಂದ ಪಾರಾಗುವ ಬಗ್ಗೆ ಕೊಲ್ಲಾಪುರದಲ್ಲಿ ಒಂದು ದಿನದ ಟ್ರೇನಿಂಗು ನಡೆದಾಗ, ಬೇರೆ ಯಾರಿಗೂ ಬಿಡುವಿಲ್ಲವೆಂದು ಇವನನ್ನು ಕಳಿಸಿದ್ದರು. ಬೆಳಗಿನ ಪಾಠದಲ್ಲಿ ಬೆಂಕಿ ಹೇಗೆ ಹತ್ತುತ್ತದೆ ಎಂದು ಹೇಳಿಕೊಟ್ಟರು. ಕೇದಾರಿ ಕಣ್ಣು ಪಿಳುಕಿಸದೆ ಕೇಳಿದ. ನಡುವೆ ಊಟಕ್ಕೆ ಬಿಟ್ಟರು. ಕೊಲ್ಲಾಪುರದ ಕೆಂಪು ರಸ್ಸಾ, ಬಿಳಿ ರಸ್ಸಾ ಎಂಬ ಮಾಂಸದ ಸಾರು ಎರಡನ್ನೂ ಅವನು ವಾಟಿಯ ಮೇಲೆ ವಾಟಿ ಕುಡಿದ. ಹತ್ತಿದ ಬೆಂಕಿಯನ್ನು ಆರಿಸುವುದು ಹೇಗೆ ಎಂಬ ಮಧ್ಯಾಹ್ನದ ಪಾಠ ನಡೆಯುವಾಗ ಅವನು ಹಿಂದಿನ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಸಂಜೆ ಕೊಟ್ಟ ಸರ್ಟಿಫಿಕೇಟಿನಲ್ಲಿ ಬೆಳಗು ಮಧ್ಯಾಹ್ನ ಎಂಬ ಭೇದವೇನೂ ಇರಲಿಲ್ಲ.

ಆ ಸರ್ಟಿಫಿಕೇಟು ಅವನ ಬದುಕನ್ನೇ ಬದಲಿಸಿಬಿಟ್ಟಿತ್ತು. ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯುವ ಅವನ ಮಾವ ಮಾಯಪ್ಪ, ಮದುವೆಯಾದಾಗಿನಿಂದ ಅಳಿಯನನ್ನು ‘ಕುರ್ಚಿ ಕಾಯಾಂವ’ ಎಂದು ಕರೆಯುತ್ತಿದ್ದವನು, ಈಗ ಗಡಹಿಂಗ್ಲಜದ ಸಂತೆಯಲ್ಲಿ ನಿಂತು ‘ನಮ್ಮ ಅಳಿಯಂದ್ರು ಬೆಂಕಿ ಆರಸೂ ಸಾಹೇಬ್ರು’ ಎನ್ನತೊಡಗಿದ್ದ. ಕೇದಾರಿಗೆ ಹುಟ್ಟಿದಂದಿನಿಂದ ಸಿಕ್ಕ ಮರ್ಯಾದೆ ಎಂದರೆ ಇದೊಂದೇ. ಅದನ್ನು ಅವನು ಹಾಲಿನ ಪಾತೆಲಿಯಂತೆ ತುಳುಕದ ಹಾಗೆ ಹಿಡಿದುಕೊಂಡಿದ್ದ. ಕೈಲಾಸ ಎದ್ದ ಮರುದಿನ ಸಂಜೆಯ ಆರತಿಗೆ ಅಗ್ನಿಶಾಮಕ ದಳದ ಅಧಿಕಾರಿಗಳು ಸಜಾವಟ ನೋಡಲು ಬರುವವರಿದ್ದರು. ಹಬ್ಬಕ್ಕೆಂದು ತವರಿಗೆ ಹೋಗಿದ್ದ ಹೆಂಡತಿ ಪೂನಮಳನ್ನು ಕರೆದುಕೊಂಡು ಮಾಯಪ್ಪನೂ ಬರುವವನಿದ್ದ. ಸಾಹೇಬ ಅಳಿಯನನ್ನು ಆಫೀಸಿನಲ್ಲೇ ಕಣ್ಣಾರೆ ನೋಡಬೇಕೆಂಬುದು ಅವನ ಆಸೆಯಾಗಿತ್ತು.

ಆ ದಿನ ಬೆಳಿಗ್ಗೆ ಚೇರ್ಮನ್ ಅಭಯಕುಮಾರ ಅಣ್ಣಾ ಬಂದರು. ಅವರದು ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಅವರು ಕೈಲಾಸವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಏನಪಾ ಕೇದಾರಿ, ಸಂಜೀಕ ಫಾಯರ್ ಬ್ರಿಗೇಡಿನ ಮ್ಯಾಡಂ ಬರ್ತಾರ. ಎಲ್ಲಾ ಬರೋಬರ್ ಐತಲ್ಲ?” ಎಂದು ಕೇಳಿದರು.

“ಅಣ್ಣಾ, ಆ ಹತ್ತಿ ಒಳಗ ಲೈಟು...”

“ಭಾರಿ ಮಾಡ್ಯಾನಲ್ಲ ಅಮೋಲ? ಇಡೀ ಇಚಲಕರಂಜಿಯೊಳಗ ಇಂಥಾದ್ದು ಯಾರೂ ಮಾಡಿಲ್ಲ.”

“ಯಾರೂ ಮಾಡೂದಿಲ್ಲರಿ,” ಎಂದ ಕೇದಾರಿ.

“ಹಂಗಾರ ಬರೋಬರ್.”

“ಬರೋಬರ್ ರೀ ಅಣ್ಣಾ.”

ಕುರ್ಚಿಯಲ್ಲಿ ಕೂತರೂ ಕೇದಾರಿಯ ಮನಸ್ಸು ಕೈಲಾಸದ ಹೊಟ್ಟೆಯೊಳಗಿನ ಹಳೆಯ ವೈರನ್ನೇ ಸುತ್ತುತ್ತಿತ್ತು. ಹೀಗಿರುವಾಗ ಸೀದ ವಾಸನೆ ಬಂತು. ಕೇದಾರಿ ಮೂಗೆತ್ತಿದ. ಬೆಳಗಿನ ಪಾಠದಲ್ಲಿ ಹೇಳಿಕೊಟ್ಟ ವಾಸನೆಯೇ ಅದು ಎಂದು ಅವನಿಗೆ ಅನುಮಾನವೇ ಉಳಿಯಲಿಲ್ಲ. ಹಾಲಿನ ಪಕ್ಕದ ಕೋಣೆಯ ಬಾಗಿಲಿನಿಂದ ಹೊಗೆ ಹೊರಬರುತ್ತಿತ್ತು.

“ಬೆಂಕಿ! ಬೆಂಕಿ ಹತ್ತೇತಿ, ಓಡ್ರೋ!”

ಗೋಡೆಗೆ ತೂಗುಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತುಕೊಂಡು ಅವನು ಕೋಣೆಗೆ ನುಗ್ಗಿದ. ಅದನ್ನು ಹೇಗೆ ನಡೆಸಬೇಕೆಂಬುದು ಮಧ್ಯಾಹ್ನದ ಪಾಠವಾಗಿತ್ತು. ಪಿನ್ನು ಕಿತ್ತ, ಹಿಡಿಕೆ ಒತ್ತಿದ, ಪೈಪನ್ನು ಹಿಡಿಯಲು ಮರೆತ. ಪೈಪು ಹಾವಿನಂತೆ ಹೊರಳಾಡಿ ಬಿಳಿಯ ಪುಡಿಯನ್ನು ಮೊದಲು ಛಾವಣಿಗೆ, ಆಮೇಲೆ ಒಲೆಗೆ, ಕೊನೆಗೆ ‘ಏನಾತೋ’ ಎಂದು ಓಡಿಬಂದ ಅಭಯಕುಮಾರ ಅಣ್ಣಾನ ಮುಖಕ್ಕೆ ಉಗುಳಿತು. ಅಕ್ಕಪಕ್ಕದ ಶೆಡ್ಡುಗಳಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಜನ ಬಕೆಟು ಹಿಡಿದು ಓಡಿಬಂದರು.

ಪುಡಿ ನೆಲಕ್ಕಿಳಿದ ಮೇಲೆ ಕರೆಂಟಿನ ಒಲೆಯ ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದ ಅಲಕಾ ವೈನಿ ಕಂಡಳು. ಸೊಸಾಯಟಿಯ ಲೆಕ್ಕವನ್ನೂ ಊರವರ ಸುದ್ದಿಯನ್ನೂ ಒಟ್ಟಿಗೆ ಇಟ್ಟುಕೊಂಡ ಹೆಣ್ಣುಮಗಳು ಅವಳು. ಗಣಪತಿಯ ಮೋದಕಕ್ಕೆ ಹೂರಣ ಕುದಿಸುತ್ತಿದ್ದಳು. ಫೋನಿನಲ್ಲಿ ಮಾತಾಡುತ್ತ ಒಂದು ಗಳಿಗೆ ಮೈಮರೆತಿದ್ದಳು, ಅಷ್ಟೇ.

“ಎಲ್ಲೈತೋ ಬೆಂಕಿ? ಬೆಲ್ಲ ಸೀದೈತಿ,” ಎಂದಳು ಅವಳು. “ನೈವೇದ್ಯಕ್ಕ ಪೌಡರ್ ಹೊಡದಿಯಲ್ಲೋ. ಗಣಪ್ಪಗೇನ ಬೆವರ ಬಂದಿತ್ತೇನ?”

ಬಕೆಟು ಹಿಡಿದವರೆಲ್ಲ ನಕ್ಕರು. ಅಣ್ಣಾ ನಗಲಿಲ್ಲ. ಕಣ್ಣುರೆಪ್ಪೆಯ ಮೇಲಿನ ಪುಡಿಯನ್ನು ಕೊಡವಿಕೊಂಡು ತಣ್ಣನೆಯ ದನಿಯಲ್ಲಿ ಹೇಳಿದರು:

“ಕೇದಾರಿ, ಇವತ್ತ ಇನ್ನೊಮ್ಮೆ ನಿನ್ನ ಬಾಯಾಗ ಬೆಂಕಿ ಅನ್ನೂ ಮಾತ ಬಂತಂದ್ರ, ನಾಳಿಂದ ನೀ ಆಫೀಸಿಗೆ ಬರೂದ ಬ್ಯಾಡ.”

ಕೇದಾರಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ನೆಲ ಬಾಯಿಬಿಡಲಿಲ್ಲ, ಊರು ಬಾಯಿಬಿಟ್ಟಿತು. ಶೆಡ್ಡಿನಿಂದ ಹೊರಬಂದ ಒಬ್ಬ, “ಕೇದಾರ್ಯಣ್ಣಾ, ಬೀಡಿ ಹಚ್ಚಲೇನಪಾ? ನಿನ್ನ ಪರವಾನಗಿ ಐತೇನ?” ಎಂದು ಕೇಳಿ ಹೋದ. ಚಹಾದವನು ಟೇಬಲ್ಲಿನ ಮೇಲೆ ಕಪ್ಪಿಟ್ಟು, “ಬಿಸಿ ಐತ್ರಿ, ಒದರಬ್ಯಾಡ್ರಿ ಮತ್ತ,” ಎಂದ. ಅಮೋಲನಂತೂ ಖಾಲಿ ಸಿಲಿಂಡರಿಗೆ ಚೆಂಡುಹೂವಿನ ಹಾರ ಹಾಕಿ, ಮುಂದೆ ಒಂದು ಊದುಬತ್ತಿ ಹಚ್ಚಿ ಮೂಲೆಯಲ್ಲಿ ನಿಲ್ಲಿಸಿದ. ಕೇದಾರಿಯ ಕಿವಿಗಳು ಮಧ್ಯಾಹ್ನದವರೆಗೂ ಕೆಂಪಗೇ ಇದ್ದವು.

ಆದರೆ ಊರವರ ನಗು ಹೇಗೋ ತಡೆದುಕೊಳ್ಳಬಹುದು. ಮಾವನಿಗೆ ತಿಳಿದರೆ? ಅವನು ಅಲಕಾಳ ಮುಂದೆ ಕೈ ಜೋಡಿಸಿ ನಿಂತ.

“ವೈನಿ, ನಮ್ಮ ಮಾವಾರು ಬರ್ತಾರ. ಬೆಳಗಿಂದು ಏನೂ ಹೇಳಬ್ಯಾಡ್ರಿ.”

“ಹೇಳೂದಿಲ್ಲ,” ಎಂದಳು ಅಲಕಾ. “ಹೊಸಾ ಹೂರಣ ಆಗೇತಿ. ಕೂಡು, ಮೋದಕ ಮಾಡು. ಕಡೀ ಮೋದಕ ಮುಗಿಯೂತನಾ ಏಳಬಾರದು ಮತ್ತ.”

ಹೀಗಾಗಿ ಮಾಯಪ್ಪ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು, ಮಗಳ ಜೊತೆ ಸೊಸಾಯಟಿಯ ಮೆಟ್ಟಿಲು ಹತ್ತಿ ‘ನಮ್ಮ ಸಾಹೇಬ್ರು ಎಲ್ಲ್ಯದಾರ್ರಿ?’ ಎಂದು ಕೇಳುವ ಹೊತ್ತಿಗೆ, ಸಾಹೇಬರು ನಾಲ್ಕಾರು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ, ಮೊಣಕೈವರೆಗೆ ಅಕ್ಕಿಹಿಟ್ಟು ಮೆತ್ತಿಕೊಂಡು, ಮೋದಕಕ್ಕೆ ನೆರಿಗೆ ಹಿಡಿಯುತ್ತಿದ್ದರು. ಮಾಯಪ್ಪ ಬಾಗಿಲಲ್ಲೇ ನಿಂತುಬಿಟ್ಟ.

“ಇದೂ ಡ್ಯೂಟೀನ ಐತ್ರಿ ಮಾವಾರ,” ಎಂದ ಕೇದಾರಿ. “ಉಗಿ ಇರತೈತಿ ನೋಡ್ರಿ. ಉಗಿ ಜ್ವಾಕಿ ಮಾಡೂದೂ ನಮ್ಮ ಕಡೀನ ಬರತೈತಿ.”

ಮಾಯಪ್ಪನ ಮುಖ ಅರಳಿತು. “ಉಗೀನೂ ನೀವ ನೋಡ್ತೀರಿ?” ಎಂದು ಮಗಳ ಕಡೆ ತಿರುಗಿ, “ಕೇಳಿದೇನ ಪೂನಮ? ಬೆಂಕಿ ಅಷ್ಟ ಅಲ್ಲ, ಉಗೀನೂ!” ಎಂದ. ಪೂನಮ ಗಂಡನ ಮುಖವನ್ನೊಮ್ಮೆ, ಅವನ ಕೈಯಲ್ಲಿದ್ದ ಸೊಟ್ಟ ಮೋದಕವನ್ನೊಮ್ಮೆ ನೋಡಿ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು. ಹೆಂಡತಿಯ ನಗುವಿಗಿಂತ ಮಾವನ ನಂಬಿಕೆಯೇ ಅವನಿಗೆ ಹೆಚ್ಚು ಚುಚ್ಚಿತು. ಒಂದು ಬೈಗುಳ ಬಿದ್ದಿದ್ದರೂ ಹಗುರವಾಗುತ್ತಿತ್ತು.

ಸಂಜೆ ಸೊಸಾಯಟಿಯ ಹಾಲು ಜನರಿಂದ ತುಂಬಿತು. ಅಗ್ನಿಶಾಮಕ ದಳದ ಋತುಜಾ ಮ್ಯಾಡಂ ಬಂದರು. ಜಯಸಿಂಗಪುರದವರು, ಇನ್ನೂ ಚಿಕ್ಕ ವಯಸ್ಸು, ಕಣ್ಣು ಮಾತ್ರ ಚುರುಕು. ಮಿನುಗುವ ಕೈಲಾಸವನ್ನು ನೋಡಿದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು.

“ಇದು ಖರೇ ಹತ್ತಿ ಏನ್ರಿ? ಒಳಗ ಲೈಟ್ ಬ್ಯಾರೆ ಅದಾವ. ಯಾರು ನೋಡ್ಯಾರ ಇದನ್ನ?”

ಅಭಯಕುಮಾರ ಅಣ್ಣಾ ಕೇದಾರಿಯ ಬೆನ್ನಿಗೆ ಕೈ ಹಚ್ಚಿ ಮುಂದೆ ತಳ್ಳಿದರು. “ನಮ್ಮ ಸುರಕ್ಷಾ ಪ್ರಮುಖರು ನೋಡ್ಯಾರ್ರಿ. ಕೊಲ್ಲಾಪುರದಾಗ ಟ್ರೇನಿಂಗ್ ಆಗೇತಿ ಅವರದು.”

“ವೈರಿಂಗ್ ಎಲ್ಲಾ ಬರೋಬರ್ ಐತ್ರಿ?” ಎಂದು ಮ್ಯಾಡಂ ನೇರವಾಗಿ ಅವನನ್ನೇ ಕೇಳಿದರು.

ಈಗಲಾದರೂ ಹೇಳಬಹುದಿತ್ತು. ಹಳೆಯ ಸರ, ಖೋಕಾದ ಟೇಪು ಎಂಬ ನಾಲ್ಕು ಮಾತು ಸಾಕಿತ್ತು. ಆದರೆ ಅಣ್ಣಾನ ಕೈ ಬೆನ್ನ ಮೇಲೆಯೇ ಇತ್ತು. ಜನರೆಲ್ಲ ಬೆಳಗಿನ ಆಟ ಇನ್ನೊಮ್ಮೆ ಆದೀತೆಂದು ಹಲ್ಲು ಕಿಸಿದು ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಮಾಯಪ್ಪ ಕತ್ತು ಉದ್ದ ಮಾಡಿ ಅಳಿಯನ ಬಾಯನ್ನೇ ನೋಡುತ್ತಿದ್ದ.

“ಬರೋಬರ್ ಐತ್ರಿ ಮ್ಯಾಡಂ,” ಎಂದ ಕೇದಾರಿ.

“ಆಯ್ತು. ಆರತಿ ಆಗ್ಲಿ, ಆಮ್ಯಾಲ ನಾನೂ ಒಳಗ ಹೊಕ್ಕು ನೋಡ್ತೇನಿ.”

ಆರತಿ ಶುರುವಾಯಿತು. ತಾಳ, ಗಂಟೆ, ಚಪ್ಪಾಳೆಗಳ ಗದ್ದಲಕ್ಕೆ ಛಾವಣಿಯ ತಗಡು ನಡುಗಿತು. ಕೇದಾರಿ ಕಣ್ಣು ಮುಚ್ಚಿ ಗಣಪತಿಯಲ್ಲಿ ಒಂದೇ ಬೇಡಿಕೆ ಇಟ್ಟ. ಕಣ್ಣು ತೆರೆದಾಗ ಕೈಲಾಸದ ಸೊಂಟದ ಹತ್ತಿರ, ಹಳೆಯ ಸರ ಇದ್ದ ಜಾಗದಲ್ಲೇ, ಕಿತ್ತಳೆ ಬಣ್ಣದ ಒಂದು ಚುಕ್ಕೆ ಕಂಡಿತು. ಉಳಿದ ದೀಪಗಳು ಹತ್ತಿ ಆರುತ್ತಿದ್ದವು. ಇದು ಆರಲಿಲ್ಲ. ಮೆಲ್ಲಗೆ ದೊಡ್ಡದಾಯಿತು.

ಕೇದಾರಿ ಬಾಯಿ ತೆರೆದ. ಅಣ್ಣಾನ ತಣ್ಣನೆಯ ಮಾತು, ಬೀಡಿಯವನ ಪರವಾನಗಿ, ಹಾರ ಹಾಕಿಕೊಂಡು ನಿಂತ ಸಿಲಿಂಡರು, ಈಗಷ್ಟೇ ಕೊಟ್ಟ ‘ಬರೋಬರ್’, ಎಲ್ಲ ಸೇರಿ ಅವನನ್ನು ಒದರಲು ಬಿಡಲಿಲ್ಲ. ಒದರದೆಯೇ, ಮರ್ಯಾದೆಯಿಂದ, ಒಬ್ಬೊಬ್ಬರ ಕಿವಿಯಲ್ಲಿ ಹೇಳಿದರಾಯಿತು ಎಂದುಕೊಂಡ. ಮೊದಲು ಅಮೋಲನ ಹತ್ತಿರ ಸರಿದ.

“ಅಮೋಲ, ಅಲ್ಲೆ ಒಂಚೂರು ನೋಡಪಾ. ಕಿತ್ತಳೆ ಬಣ್ಣದ್ದು.”

“ಭಾರಿ ಕಾಣತೈತಿ ಅಲ್ಲ?” ಎಂದು ಅಮೋಲ ಚಪ್ಪಾಳೆ ನಿಲ್ಲಿಸದೆ ಹಿಗ್ಗಿದ. “ಸೂರ್ಯ ಹುಟ್ಟಿದಂಗ ಆಗೇತಿ. ನಾನೂ ಇಷ್ಟ ಚಂದ ಬರತೈತಿ ಅಂದಿದ್ದಿಲ್ಲ.”

ಆರತಿಯ ತಾಟು ಬೆಳಗುತ್ತಿದ್ದ ಅಣ್ಣಾನ ಬಳಿಗೆ ಹೋಗಿ, “ಅಣ್ಣಾ, ಒಂದ ಮಾತು ಹೇಳೂದೈತ್ರಿ, ಭಾಳ ಅರ್ಜಂಟ್,” ಎಂದ.

“ಪಗಾರದ ಮಾತು ಹಬ್ಬ ಆದ ಮ್ಯಾಲೆ,” ಎಂದು ಅಣ್ಣಾ ದೇವರ ಮೇಲಿನ ದೃಷ್ಟಿ ಕದಲಿಸದೆ ಉಸುರಿದರು.

ಕೇದಾರಿ ಬೆವರು ಒರೆಸಿಕೊಳ್ಳುತ್ತ ಮಾವನ ಕಿವಿಯ ಹತ್ತಿರ ಬಗ್ಗಿದ. “ಮಾವಾರ, ತಡಕೊಳ್ಳಾಕ ಆಗವಲ್ತು, ಏನ್ ಮಾಡ್ಲಿ?”

ಮಾಯಪ್ಪ ಕನಿಕರದಿಂದ ಅಳಿಯನನ್ನು ನೋಡಿದ. “ಹೊರಗ ಎಡಕ್ಕ ಐತ್ರಿ. ನಾನೂ ಈಗ ಹೋಗಿ ಬಂದೇನಿ.”

ಅಷ್ಟರಲ್ಲಿ ಕೈಲಾಸದ ಸೂರ್ಯ ರೊಟ್ಟಿಯಷ್ಟು ಅಗಲವಾಗಿ ಒಂದು ನಾಲಗೆ ಹೊರಚಾಚಿದ. ಇನ್ನು ಹೇಳಲು ಯಾರೂ ಉಳಿದಿರಲಿಲ್ಲ. ಕೇದಾರಿ ಮಾವನ ಹೆಗಲ ಮೇಲಿನ ಕಂಬಳಿಯನ್ನು ಸರಕ್ಕನೆ ಎಳೆದುಕೊಂಡು, ಗಣಪತಿಯ ಪಕ್ಕದಿಂದ ಹಾರಿ, ಕಂಬಳಿ ಸಮೇತ ಕೈಲಾಸವನ್ನು ಅಪ್ಪಿಕೊಂಡ. ಬಿದಿರು ಲಟಲಟ ಮುರಿಯಿತು. ಪರ್ವತ ಹಿಂದಕ್ಕೆ ವಾಲಿ, ಅವನನ್ನೂ ಹೊತ್ತುಕೊಂಡು ಗೋಡೆಯ ಬುಡಕ್ಕೆ ಕುಸಿಯಿತು. ಮೇನ್ ಸ್ವಿಚ್ಚು ತಾನಾಗಿ ಬಿದ್ದು ಹಾಲೆಲ್ಲ ಕತ್ತಲಾಯಿತು. ಗಣಪತಿ ಮಾತ್ರ ಆರತಿಯ ಬೆಳಕಿನಲ್ಲಿ ಕದಲದೆ ಕೂತಿದ್ದ.

ತಾಳ ನಿಂತಿತು. ಮೊಬೈಲುಗಳ ಬೆಳಕು ಒಂದೊಂದಾಗಿ ಕೇದಾರಿಯ ಮೇಲೆ ಬಿತ್ತು. ಅವನು ಕಂಬಳಿಯ ಮೇಲೆ ಬೋರಲು ಬಿದ್ದಿದ್ದ, ಮೈತುಂಬ ಹತ್ತಿ. ಕಂಬಳಿಯಡಿ ಬೆಂಕಿ ಉಸಿರು ಕಟ್ಟಿ ಸತ್ತಿತ್ತು. ಅದನ್ನು ಅವನ ಹೊಟ್ಟೆ ಬಲ್ಲದು, ಬೇರೆ ಯಾರೂ ಕಂಡಿರಲಿಲ್ಲ.

“ಏನ್ ಆತ್ರಿ?” ಎಂದು ಮ್ಯಾಡಂ ಮುಂದೆ ಬಂದರು. “ಬೆಂಕಿ ಹತ್ತಿತ್ತೇನ್ರಿ?”

ಹೌದು ಎಂದರೆ, ಬರೋಬರ್ ಐತಿ ಎಂದವನು ಯಾರು ಎಂದು ಕೇಳುತ್ತಾರೆ. ಇಲ್ಲ ಎಂದರೆ, ದೇವರ ಸಜಾವಟದ ಮೇಲೆ ಬಿದ್ದ ಹುಚ್ಚನೆಂದು ನಗುತ್ತಾರೆ. ನಗುವಾದರೋ ಬೆಳಗಿನಿಂದ ರೂಢಿಯಾಗಿತ್ತು. ಕೇದಾರಿ ಮಾವನ ಕಡೆ ನೋಡದೆ ಹೇಳಿದ:

“ಇಲ್ಲರಿ. ನನಗ ಹಂಗ ಕಂಡಿತು.”

ಹಾಲಿಗೆ ಹಾಲೇ ನಕ್ಕಿತು. ಅಭಯಕುಮಾರ ಅಣ್ಣಾ ಹಣೆ ಬಡಿದುಕೊಂಡು, “ಅಮೋಲ, ಮೇನ್ ಹಾಕು, ಆರತಿ ಮುಗಸೂಣು,” ಎಂದರು. ಅಮೋಲ ಕತ್ತಲಲ್ಲಿ ತಡವರಿಸುತ್ತ ಸ್ವಿಚ್ಚಿನ ಬೋರ್ಡಿನತ್ತ ನಡೆದ. ಮ್ಯಾಡಂ “ಥಾಂಬಾ, ಥಾಂಬಾ” ಎಂದು ತಡೆದದ್ದು ನಗುವಿನ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಈ ಕಡೆ ಮಾಯಪ್ಪ ತನ್ನ ಕಂಬಳಿ ತೆಗೆದುಕೊಳ್ಳಲೆಂದು ಬಗ್ಗಿ ಕೈ ಚಾಚಿದ. ಕಂಬಳಿಯ ಅಂಚಿನಲ್ಲಿ ಹರಿದ ವೈರಿನ ತುದಿ ಹೊರಗಿಣುಕಿತ್ತು. ಮುದುಕನ ಬೆರಳುಗಳು ಅದರ ಮೇಲೆಯೇ ಇಳಿಯುತ್ತಿದ್ದವು.

ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದುದೆಲ್ಲ ಒಮ್ಮೆಗೇ ಹೊರಬಿತ್ತು.

“ಮಾವಾ, ಮುಟ್ಟಬ್ಯಾಡ್ರಿ! ಅಮೋಲ, ಕೈ ತಗಿ! ಬೆಂಕಿ ಹತ್ತಿತ್ತರೋ, ನಾ ಸುಳ್ಳ ಹೇಳೇನಿ!”

ಆ ದನಿ ಮೂರು ಶೆಡ್ಡಿನಾಚೆಗೂ ಕೇಳಿಸಿತಂತೆ. ಮಾಯಪ್ಪ ಕೈ ಹಿಂದಕ್ಕೆಳೆದುಕೊಂಡ. ಅಮೋಲ ಬೋರ್ಡಿನಿಂದ ಹಾರಿ ದೂರ ನಿಂತ. ಮ್ಯಾಡಂ ಬೋರ್ಡಿನ ಮುಂದೆ ತಮ್ಮವನೊಬ್ಬನನ್ನು ನಿಲ್ಲಿಸಿ ಬಂದು ಕಂಬಳಿ ಎತ್ತಿದರು. ಅಡಿಯಲ್ಲಿ ಕೈಲಾಸ ಕರಿ ಬಾಯಿ ತೆರೆದುಕೊಂಡಿತ್ತು. ಸುಟ್ಟ ಟೇಪು ವೈರಿಗೆ ಅಂಟಿ ಕರಗಿತ್ತು. ಕಂಬಳಿಯಲ್ಲಿ ಮುಷ್ಟಿ ಹೋಗುವಷ್ಟು ತೂತು ಬಿದ್ದಿತ್ತು. ಇನ್ನು ಯಾರೂ ನಗಲಿಲ್ಲ.

“ಇದನ್ನ ಬರೋಬರ್ ಐತಿ ಅಂದಾಂವ ಯಾರು?”

“ನಾನರಿ.”

“ಈಗ ಬೆಂಕಿನ ಇದ್ದಿದ್ದಿಲ್ಲ ಅಂದಾಂವ?”

“ಅಂವಾನೂ ನಾನರಿ.”

“ಮೊದಲ ಕರೆಂಟ್ ಬಂದ್ ಮಾಡಬೇಕು, ಆಮ್ಯಾಲ ಬೆಂಕಿ ಆರಸಬೇಕು. ಟ್ರೇನಿಂಗಿನ್ಯಾಗ ಹೇಳಿಲ್ಲೇನ್ರಿ?”

“ಮಧ್ಯಾಹ್ನ ಹೇಳಿರಬೇಕ್ರಿ,” ಎಂದ ಕೇದಾರಿ, ತಲೆ ಎತ್ತದೆ.

ಮ್ಯಾಡಂ ಎಲ್ಲರನ್ನೂ ಬೈದರು. ಅಣ್ಣಾನನ್ನು ಎಲ್ಲರಿಗಿಂತ ಹೆಚ್ಚು ಬೈದರು. ಹತ್ತಿಯ ಎಳೆಯೊಂದೂ ಉಳಿಯದಂತೆ ಹೊರಗೆ ಹಾಕಿಸಿದರು. ವೈರಿಂಗು ರಿಪೇರಿ ಆಗುವವರೆಗೆ ಹಾಲಿಗೆ ಕರೆಂಟು ಕೊಡಕೂಡದೆಂದು ತಾಕೀತು ಮಾಡಿದರು. ರಿಪೇರಿಯವರು ಸಿಗುವುದು ಹಬ್ಬ ಮುಗಿದ ಮೇಲೆಯೇ. ಹಿಂದೆ ಗೋದಾಮಾಗಿದ್ದ ಆ ಹಾಲಿನಲ್ಲಿ ಹಗಲೂ ಕತ್ತಲೆ. ಅದಕ್ಕೂ ಮ್ಯಾಡಂ ದಾರಿ ಹೇಳಿದರು. ಕೇದಾರಿ ಬ್ಯಾಟರಿ ಹಿಡಿದು ಗಣಪತಿಯ ಪಕ್ಕ ನಿಲ್ಲಬೇಕು. ದರ್ಶನಕ್ಕೆ ಬಂದವರಿಗೆಲ್ಲ ಇಲ್ಲಿ ಲೈಟು ಯಾಕಿಲ್ಲ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಬೇಕು. “ಕೇಳಿದವರ ಪೈಕಿ ಒಬ್ಬರಾದ್ರೂ ಕಲೀತಾರ,” ಎಂದು ಹೇಳಿ ಅವರು ಹೋದರು.

ಮಾಯಪ್ಪ ಒಂದು ಮಾತೂ ಆಡಲಿಲ್ಲ. ತೂತು ಬಿದ್ದ ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಅಳಿಯನ ಮುಖವನ್ನು ಬಹಳ ಹೊತ್ತು ನೋಡಿ, ಮಗಳನ್ನು ಬಿಟ್ಟು ಒಬ್ಬನೇ ಊರಿನ ಬಸ್ಸು ಹತ್ತಿದ. ಸಾಹೇಬಗಿರಿ ಮುಗಿಯಿತು ಎಂದುಕೊಂಡ ಕೇದಾರಿ.

ಮರುದಿನ ಬೆಳಗಿನಿಂದ ಅವನು ಬ್ಯಾಟರಿ ಹಿಡಿದು ನಿಂತ. ಬಂದವರೆಲ್ಲ ಗಣಪತಿಗೆ ಒಂದು ಕೈ ಮುಗಿದು, ಕೇದಾರಿಯ ಕಡೆ ತಿರುಗಿ, “ಹೂಂ, ಹೇಳು,” ಎನ್ನುತ್ತಿದ್ದರು. ಅವನು ಹೇಳಿದ. ಹಾತಕಣಂಗಲೆಯಿಂದ ಬಂದವರಿಗೆ ಹೇಳಿದ, ಕೇಳಿದ್ದನ್ನೇ ಕೇಳಲು ಎರಡನೆಯ ಸಲ ಬಂದ ಬೀಡಿಯವನಿಗೂ ಹೇಳಿದ. ಮೋದಕದ ಭಾಗವನ್ನು ಹಾರಿಸಲು ನೋಡಿದರೆ ಅಲಕಾ ವೈನಿ ಹಿಂದಿನಿಂದ ನೆನಪು ಮಾಡುತ್ತಿದ್ದಳು. ಹೇಳುವಾಗೆಲ್ಲ ಕಿವಿ ಬಿಸಿಯಾಗುತ್ತಿತ್ತು. ಇಷ್ಟರಲ್ಲೂ ಅವನಿಗೆ ಒಂದೇ ಸಮಾಧಾನವಿತ್ತು. ಮಾವ ಮಾತಿಲ್ಲದೆ ಹೋಗಿದ್ದಾನೆ. ನಾಚಿಕೆಪಟ್ಟವನು ಊರಲ್ಲಿ ಬಾಯಿ ಬಿಡುವುದಿಲ್ಲ, ಗಡಹಿಂಗ್ಲಜದ ಕಡೆಗೆ ಸುದ್ದಿ ಹೋಗುವುದಿಲ್ಲ.

ಊಟದ ಹೊತ್ತಿಗೆ ಸೊಸಾಯಟಿಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಅದರಿಂದ ರುಮಾಲುಗಳೂ ಇಳಕಲ್ ಸೀರೆಗಳೂ ಒಂದರ ಹಿಂದೆ ಒಂದು ಇಳಿಯತೊಡಗಿದವು. ಕೇದಾರಿಯ ಮದುವೆಗೂ ಅಷ್ಟು ಜನ ಬಂದಿರಲಿಲ್ಲ. ಎಲ್ಲರ ಮುಂದೆ ಮಾಯಪ್ಪ, ಕಂಬಳಿಯ ತೂತು ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಹರವಿಕೊಂಡು ಬಂದ.

“ಇವ್ರ ನೋಡ್ರಿ ನಮ್ಮ ಅಳಿಯಂದ್ರು,” ಎಂದು ಅವನು ಹೆಮ್ಮೆಯಿಂದ ನಡುಗುವ ದನಿಯಲ್ಲಿ ಹೇಳಿದ. “ಸುಳ್ಳ ಯಾರ ಹೇಳೂದಿಲ್ರಿ? ಎಲ್ಲಾರೂ ಹೇಳ್ತಾರ. ಆದ್ರ ನನ್ನ ಜೀಂವ ಉಳಸಾಕ ತಮ್ಮ ಮಾನ ಬಿಟ್ಟು, ನೂರ ಮಂದಿ ಮುಂದ ಒದರಿದವ್ರು ಇವ್ರೊಬ್ರ. ರಾತ್ರಿ ನನಗ ಮಾತ ಹೊಂಡಲಿಲ್ಲರಿ. ಅದಕ್ಕ ಎಲ್ಲಾರ್ನೂ ಕರಕೊಂಡ ಬಂದೇನಿ. ಹೇಳ್ರಿ ಸಾಹೇಬ್ರ, ಮೊದಲಿಂದ ಹೇಳ್ರಿ. ಒಂದೂ ಬಿಡಬ್ಯಾಡ್ರಿ. ನಮ್ಮ ಹಾಲವ್ವಗ ಕಿವಿ ಮಂದ, ಜರಾ ಜೋರ ಹೇಳ್ರಿ.”

ಬೀಗರೆಲ್ಲ ನೆಲದ ಮೇಲೆ ಕಾಲು ಚಾಚಿ ಕೂತರು. ಕೇದಾರಿ ಬ್ಯಾಟರಿಯನ್ನು ಗಣಪತಿಯ ಮುಖಕ್ಕೆ ಹಿಡಿದು, ತನ್ನ ಮುಖ ಕಾಣದಂತೆ ಒಂದು ಹೆಜ್ಜೆ ಹಿಂದೆ ಸರಿದು, ರಸ್ಸಾ ಕುಡಿದು ಗೊರಕೆ ಹೊಡೆದದ್ದರಿಂದ ಹಿಡಿದು ಎಲ್ಲವನ್ನೂ ಗಂಟಲು ಹರಿಯುವಂತೆ ಒದರಿ ಹೇಳಿದ. ಪಕ್ಕದ ಶೆಡ್ಡಿನ ಮಗ್ಗಗಳೂ ನಿಂತು ಕೇಳಿದವು.

ಅವನು ಹೇಳಿ ಮುಗಿಸಿ ಬೆವರು ಒರೆಸಿಕೊಳ್ಳುವಾಗ, ಮುದುಕಿ ಹಾಲವ್ವ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಸರಿದಳು.

“ಏನಂದಿ ಯಪ್ಪಾ? ನನಗೊಂದೂ ಕೇಳಿಸಲಿಲ್ಲ. ಮತ್ತ ಮೊದಲಿಂದ ಹೇಳು.”